ಗರ್ಭಗುಡಿಗೆ ಸಿಕ್ಕ ವೀಸಾ

ಕಾರ್ಕಳದಿಂದ ಹೊರಟ ರಸ್ತೆ ಬಜಗೋಳಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮಾಳದ ಮೇಲಿಂದ ಘಟ್ಟ ಹತ್ತಿ ಶೃಂಗೇರಿ ಸೇರಿದರೆ, ಇನ್ನೊಂದು ಹೊಸ್ಮಾರು, ನಾರಾವಿ ದಾಟಿ ಧರ್ಮಸ್ಥಳದ ಕಡೆಗೆ ಸಾಗುತ್ತದೆ. ಈ ಸೀಮೆಯಲ್ಲಿ ದೇವರ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡವರು ಎಷ್ಟು ಬಗೆ ಎಂದು ನೋಡಿದರೆ ಸೋಜಿಗವಾಗುತ್ತದೆ. ದೇವಸ್ಥಾನಗಳಲ್ಲಿ ಶಿವಳ್ಳಿ ಭಟ್ಟರು, ಬಸದಿಗಳಲ್ಲಿ ಇಂದ್ರರು, ಕಾರ್ಕಳದ ವೆಂಕಟರಮಣನಿಗೆ ಕೊಂಕಣಿ ಭಟ್ಟರು, ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೆ ಪಾದ್ರಿಗಳು, ದೈವಸ್ಥಾನಗಳಿಗೆ ಪಾತ್ರಿಗಳು ಮತ್ತು ನೇಮ ಕಟ್ಟುವ ನಲಿಕೆ, ಪಂಬದ, ಪರವ ಕುಲದವರು. ಇವರಲ್ಲಿ ಹಲವರ ಹಿರಿಯರು ಬೇರೆಲ್ಲಿಂದಲೋ ಬಂದವರೇ. ಗೋವೆಯಿಂದ ಬಂದವರಿದ್ದಾರೆ, ಮಾಳದಲ್ಲಿ ಪರಶುರಾಮನ ಗುಡಿ ಕಟ್ಟಿಕೊಂಡು, ಅಡಕೆ ತೋಟ ಮಾಡಿ, ಮನೆಯೊಳಗೆ ಇಂದಿಗೂ ಚಿತ್ಪಾವನಿ ಮಾತಾಡುವವರ ಮೂಲ ಉತ್ತರದ ಕೊಂಕಣ. ಹೀಗೆ ಬಂದವರು ಇಲ್ಲಿ ನೆಲೆ ನಿಂತದ್ದು ಹೇಗೆ ಎಂಬ ಪ್ರಶ್ನೆಯನ್ನೂ, ಇದೇ ಉಡುಪಿ ಜಿಲ್ಲೆಯ ಭಟ್ಟರೊಬ್ಬರು ಇಂದು ಅಮೆರಿಕದ ದೇವಸ್ಥಾನವೊಂದರಲ್ಲಿ ಗ್ರೀನ್ ಕಾರ್ಡ್ ಪಡೆಯುವುದು ಹೇಗೆ ಎಂಬ ಪ್ರಶ್ನೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ದೇವರ ಕೆಲಸದವನಿಗೆಂದು ಪ್ರತ್ಯೇಕ ಬಾಗಿಲು ತೆರೆದಿಡುವುದು ಹಳೆಯ ಪದ್ಧತಿ. ಆದರೆ ಪ್ರತಿ ಸಲವೂ ಆ ಬಾಗಿಲು ಇಡೀ ವೃತ್ತಿಯನ್ನು ಒಳಗೆ ಬಿಟ್ಟುಕೊಂಡಿಲ್ಲ. ತನಗೆ ಬೇಕಾದ ಭಾಗವನ್ನಷ್ಟೇ ಆರಿಸಿ, ಆರಿಸಿದ್ದನ್ನೂ ತನ್ನ ಅಳತೆಗೆ ತಿದ್ದಿದೆ ಎಂಬುದು ನನ್ನ ವಾದ.

ತುಳುನಾಡಿನ ಬ್ರಾಹ್ಮಣರ ಹುಟ್ಟಿನ ಕಥೆಯೇ ವಲಸೆಯ ಕಥೆ. ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಮೂವತ್ತೆರಡು ಗ್ರಾಮಗಳಲ್ಲಿ ನೆಲೆಗೊಳಿಸಿದನೆಂದು ‘ಗ್ರಾಮಪದ್ಧತಿ’ ಎಂಬ ಗ್ರಂಥ ಹೇಳುತ್ತದೆ. ಇದನ್ನು ಚರಿತ್ರೆಯೆಂದು ಒಪ್ಪಬೇಕಿಲ್ಲ. ಆದರೆ ಒಂದು ಸಮುದಾಯ ತಾನು ಇಲ್ಲಿರುವುದಕ್ಕೆ ಕೊಡುವ ಕಾರಣ ಯಾವುದು ಎಂಬುದು ಗಮನಾರ್ಹ: ನಾವಾಗಿ ಬಂದದ್ದಲ್ಲ, ಅರಸನಿಗೆ ನಮ್ಮ ಕರ್ಮಾಂಗ ಬೇಕಿತ್ತು, ಕರೆಸಿಕೊಂಡ, ನೆಲ ಕೊಟ್ಟ. ಶಾಸನಗಳಲ್ಲಿ ಕಾಣುವ ಅಗ್ರಹಾರ, ದೇವದಾನ, ಉಂಬಳಿಗಳದೂ ಇದೇ ಲೆಕ್ಕಾಚಾರ. ಸೂರ್ಯ ಚಂದ್ರರಿರುವ ತನಕ ನಡೆಯಲಿ ಎಂದು ಕೊಟ್ಟ ದಾನವಾದರೂ, ಪೂಜೆಗೆಂದು ಬಿಟ್ಟ ಉಂಬಳಿಗೆ ಕರಾರು ಇದ್ದೇ ಇತ್ತು. ದಿನಕ್ಕಿಷ್ಟು ಪೂಜೆ, ಇಷ್ಟು ಅಕ್ಕಿ ನೈವೇದ್ಯ, ಇಷ್ಟು ನಂದಾದೀಪ. ಪೂಜೆ ನಿಂತರೆ ಉಂಬಳಿ ಕೈಬಿಡುವ ಭಯ. ಭಟ್ಟರ ಮಗ ಭಟ್ಟನಾಗಲೇಬೇಕಾದದ್ದು ವೇದದ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. ಕಾಲ ಕೆಳಗಿನ ನೆಲ ಆ ಕೆಲಸಕ್ಕೆ ಕಟ್ಟು ಬಿದ್ದಿತ್ತು. ನೆಲೆಯ ಹಕ್ಕು ಮನೆತನಕ್ಕೆ ಸಿಗುತ್ತಿತ್ತು, ಮನೆತನ ಕೆಲಸಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಕರಾವಳಿಗೆ ಇನ್ನೊಂದು ಬಗೆಯ ದೇವರ ಕೆಲಸದವರು ಬಂದರು. ಈಸ್ಟ್ ಇಂಡಿಯಾ ಕಂಪೆನಿ ಮೊದಲು ಮಿಶನರಿಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. 1813ರ ಸನದು ಕಾಯಿದೆ ಅವರಿಗೆ ಪರವಾನಗಿಯ ಕಿಂಡಿ ತೆರೆಯಿತು, 1833ರದು ಬ್ರಿಟಿಷರಲ್ಲದವರಿಗೂ ದಾರಿ ಮಾಡಿತು. ಮರುವರ್ಷವೇ, 1834ರಲ್ಲಿ, ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 1843ರ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್, ನಿಘಂಟು ಕಟ್ಟಿದ ಕಿಟ್ಟೆಲ್ ಇಬ್ಬರೂ ಇದೇ ಬಾಗಿಲಿನಿಂದ ಬಂದವರು. 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಪ್ಲೆಬ್ಸ್ಟ್ ಕೂಡ. ಧರ್ಮಪ್ರಚಾರಕ್ಕೆ ಬಂದವನು ಹೆಂಚು ಸುಡುವುದು, ಪತ್ರಿಕೆ ಅಚ್ಚು ಹಾಕುವುದು ಧರ್ಮದ ಕೆಲಸವೇ ಎಂದು ಆಗ ಯಾರೂ ಗಂಟೆ ಎಣಿಸಿ ಕೇಳಲಿಲ್ಲ. ಇಂದಿನ ಅಮೆರಿಕದ ನಿಯಮ ಅಂದು ಇಲ್ಲಿ ಜಾರಿಯಲ್ಲಿದ್ದಿದ್ದರೆ ನಮ್ಮ ಮನೆಗಳ ಮೇಲೆ ಮುಳಿಹುಲ್ಲೇ ಇನ್ನಷ್ಟು ಕಾಲ ಉಳಿಯುತ್ತಿತ್ತೇನೋ. ಎಂಬತ್ತು ವರ್ಷ ನೆಲೆಯಾಗಿ ಇದ್ದವರನ್ನು ಕಡೆಗೆ ಎಬ್ಬಿಸಿದ್ದು ಧರ್ಮವಲ್ಲ, ಪಾಸ್‌ಪೋರ್ಟ್. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದರು, ಅವರನ್ನು ಹಿಡಿದಿಟ್ಟು ಹೊರಗೆ ಕಳಿಸಲಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕ ಭಾರತೀಯರಿಗೆ ಕದ ಹಾಕುತ್ತಿತ್ತು. 1917ರ ಕಾಯಿದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ನಿಷಿದ್ಧ ವಲಯವೆಂದು ಗೆರೆ ಎಳೆದು ಹೊರಗಿಟ್ಟಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಮರುವರ್ಷ ಬಂದ ಕಾಯಿದೆ, ಪೌರತ್ವಕ್ಕೆ ಅರ್ಹರಲ್ಲದವರು ನೆಲೆಸಲು ಬರುವಂತೆಯೇ ಇಲ್ಲ ಎಂದಿತು. ಇಷ್ಟು ಬಿಗಿಯಾಗಿ ಮುಚ್ಚಿದ ಕದದಲ್ಲೂ ಒಂದು ಕಿಂಡಿ ಉಳಿಯಿತು. 1917ರ ನಿಷೇಧದಿಂದ ಧರ್ಮಗುರುಗಳು, ಧರ್ಮಬೋಧಕರು, ಮಿಶನರಿಗಳು ಹೊರತು. 1924ರ ಕಾಯಿದೆಯಲ್ಲೂ ಯಾವುದೇ ಧರ್ಮಪಂಥದ ಗುರು, ಅರ್ಜಿಗೆ ಮುಂಚಿನ ಎರಡು ವರ್ಷ ಬಿಡದೆ ಅದೇ ವೃತ್ತಿ ನಡೆಸಿದ್ದರೆ, ಕೋಟಾದ ಲೆಕ್ಕಕ್ಕೆ ಸೇರದೆ ಹೆಂಡತಿ ಮಕ್ಕಳ ಸಮೇತ ಬರಬಹುದಿತ್ತು. ಭಾರತೀಯ ಕೂಲಿಯಾಳಿಗೆ, ರೈತನಿಗೆ ಕದ ಮುಚ್ಚಿದ್ದ ಆ ದಶಕಗಳಲ್ಲೇ ರಾಮಕೃಷ್ಣ ಪರಂಪರೆಯ ಸ್ವಾಮಿಗಳು ಅಲ್ಲಿ ವೇದಾಂತ ಕೇಂದ್ರಗಳನ್ನು ನಡೆಸಿಕೊಂಡು ಬಂದರು: ಪ್ರಭವಾನಂದರು ಹೋದದ್ದು 1923ರಲ್ಲಿ, ನಿಖಿಲಾನಂದರು 1931ರಲ್ಲಿ. 1946ರಲ್ಲಿ ಭಾರತಕ್ಕೆ ವರ್ಷಕ್ಕೆ ನೂರು ಜನರ ಕೋಟಾ ಸಿಕ್ಕಿತು, 1965ರಲ್ಲಿ ದೇಶವಾರು ಕೋಟಾ ಪದ್ಧತಿಯೇ ಹೋಯಿತು. ಆ 1965ರ ತಿದ್ದುಪಡಿಯೇ ‘ವಿಶೇಷ ವಲಸಿಗ’ ಎಂಬ ವರ್ಗವನ್ನು ಕಾನೂನಿಗೆ ತಂದದ್ದು. ಅದರೊಳಗೆ ಧರ್ಮಗುರುವೂ ಇದ್ದ, ಹೊರದೇಶದಲ್ಲಿ ಹದಿನೈದು ವರ್ಷ ಅಮೆರಿಕ ಸರ್ಕಾರಕ್ಕೆ ದುಡಿದ ನೌಕರನೂ ಇದ್ದ. ಎರಡು ವರ್ಷದ ಕರಾರು ಮಾತ್ರ 1924ರಿಂದ ಇಂದಿನವರೆಗೂ ಅಳಿಸಿಲ್ಲ.

ಆ ಬಾಗಿಲು ಉಡುಪಿ ಸೀಮೆಯವರಿಗೆ ನಿಜವಾಗಿ ಬಳಕೆಗೆ ಬರಬೇಕಾದರೆ ಎರಡು ಸಂಗತಿ ಕೂಡಿ ಬರಬೇಕಿತ್ತು. ಅತ್ತ, 1965ರ ಬಳಿಕ ಹೋದ ಡಾಕ್ಟರು ಇಂಜಿನಿಯರುಗಳು ದೇವಸ್ಥಾನ ಕಟ್ಟುವಷ್ಟು ಗಟ್ಟಿಯಾಗಬೇಕಿತ್ತು. 1977ರಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ, ನ್ಯೂಯಾರ್ಕಿನ ಫ್ಲಶಿಂಗಿನ ಗಣಪತಿ ದೇವಸ್ಥಾನ ಎರಡೂ ಪ್ರತಿಷ್ಠೆಯಾದವು. ಪ್ರತಿಷ್ಠೆಯಾದ ಮೇಲೆ ದಿನವೂ ಪೂಜೆಯಾಗಲೇಬೇಕು. ಪೂಜೆಗೆ ಜನ ಬೇಕು. ಇತ್ತ, 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಅದು ಆಗಬೇಕಾದ ನ್ಯಾಯವೇ, ಗೇಣಿದಾರರ ಮನೆಗಳು ತಲೆಯೆತ್ತಿ ನಿಂತದ್ದು ಅಂದಿನಿಂದ. ಆದರೆ ದೇವಸ್ಥಾನದ ಗೇಣಿ ಅಕ್ಕಿ ಹೋಗಿ ಅದರ ಜಾಗಕ್ಕೆ ಸರ್ಕಾರದ ತಸ್ತೀಕು ಬಂತು. ಆದಾಯ ಕಡಿಮೆಯಿರುವ ‘ಸಿ’ ವರ್ಗದ ದೇವಸ್ಥಾನಕ್ಕೆ ಆ ಮೊತ್ತ ವರ್ಷಕ್ಕೆ ಅರುವತ್ತು ಸಾವಿರವಿತ್ತು, 2025ರ ಬಜೆಟ್ಟಿನಲ್ಲಿ ಎಪ್ಪತ್ತೆರಡು ಸಾವಿರಕ್ಕೆ ಏರಿತು. ತಿಂಗಳಿಗೆ ಆರು ಸಾವಿರವಾಯಿತು. ಭಟ್ಟರ ಮನೆತನವನ್ನು ಪೂಜೆಗೆ ಕಟ್ಟಿಹಾಕಿದ್ದ ನೆಲದ ಹಗ್ಗ ಹೀಗೆ ಕಡಿದು ಹೋಗಿತ್ತು.

ಊರು ಬಿಡಿಸಿದ್ದು ಭೂಸುಧಾರಣೆಯಲ್ಲ, ಉಡುಪಿಯ ಬ್ರಾಹ್ಮಣರು ಅದಕ್ಕೂ ಐವತ್ತು ವರ್ಷ ಮೊದಲೇ ಮದರಾಸು, ಬೊಂಬಾಯಿಗಳಿಗೆ ಹೊರಟಿದ್ದರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾತು ಸರಿ. 1923ರ ನೆರೆಯ ನಂತರವಂತೂ ಹೋಟೆಲಿನ ದಾರಿ ಹಿಡಿದವರು ಬಹಳ. ಆದರೆ ಆ ವಲಸೆ ನಡೆದದ್ದು ಅಡಿಗೆಮನೆಯ ಬಾಗಿಲಿನಿಂದ. ಮಠದಲ್ಲಿ, ದೇವಸ್ಥಾನದಲ್ಲಿ ನೂರಾರು ಜನಕ್ಕೆ ಬೇಯಿಸಿ ಪಳಗಿದ ಕೈಯೇ ಅವರ ಬಂಡವಾಳ. ದೇವರ ಮುಂದೆ ನಿಲ್ಲುವ ಹಕ್ಕುಳ್ಳ ಹಿರಿಮಗ ಮನೆಯಲ್ಲುಳಿದ, ಸೌಟು ಹಿಡಿಯಬಲ್ಲ ಕಿರಿಯವರು ಊರು ಬಿಟ್ಟರು ಎನ್ನುವುದು ಆ ಕಾಲದ ಸಾಮಾನ್ಯ ಚಿತ್ರ. ಅಮೆರಿಕದ ವಿಶೇಷ ವರ್ಗ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ಬಾಗಿಲು ತೆರೆದದ್ದು ಗರ್ಭಗುಡಿಗೆ. ಅಡಿಗೆಯವನಿಗೆ ಆ ವರ್ಗದಲ್ಲಿ ಸ್ಥಾನ ಸಿಗುವುದು ದುಸ್ತರ.

ಹೇಗೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. 1990ರ ವಲಸೆ ಕಾಯಿದೆ ಧಾರ್ಮಿಕ ಕೆಲಸಗಾರರನ್ನು ಉದ್ಯೋಗಾಧಾರಿತ ನಾಲ್ಕನೆಯ ವರ್ಗದಲ್ಲಿಟ್ಟಿತು. ಮೊದಲು ತಾತ್ಕಾಲಿಕವಾಗಿ ಬರಲು ಆರ್-1 ಎಂಬ ವೀಸಾವನ್ನೂ ಹುಟ್ಟಿಸಿತು. ಆರ್-1ರ ಗರಿಷ್ಠ ಅವಧಿ ಐದು ವರ್ಷ. ಅಷ್ಟರೊಳಗೆ ಕಾಯಂ ವಾಸಕ್ಕಾಗಿ ದೇವಸ್ಥಾನ ಐ-360 ಎಂಬ ಅರ್ಜಿ ಹಾಕಬೇಕು. ದೇವಸ್ಥಾನ ಲಾಭಕ್ಕಲ್ಲದ, ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯಾಗಿರಬೇಕು. ಬರುವವನು ಅದೇ ಧರ್ಮಪಂಥದಲ್ಲಿ ಎರಡು ವರ್ಷದಿಂದ ಸದಸ್ಯನಾಗಿರಬೇಕು, ಹದಿನಾಲ್ಕು ವಯಸ್ಸು ತುಂಬಿದ ಮೇಲೆ ಕನಿಷ್ಠ ಎರಡು ವರ್ಷ ಅಂಥದೇ ಕೆಲಸ ಮಾಡಿರಬೇಕು, ಅಲ್ಲಿ ಮಾಡುವ ಕೆಲಸ ವಾರಕ್ಕೆ ಸರಾಸರಿ 35 ಗಂಟೆಗೆ ಕಡಿಮೆಯಿಲ್ಲದ, ಸಂಭಾವನೆಯುಳ್ಳ ಕೆಲಸವಾಗಿರಬೇಕು. ಧರ್ಮಗುರುಗಳಿಗೆ ಈ ದಾರಿ ಕಾಯಂ. ಗುರುವಲ್ಲದ ಧಾರ್ಮಿಕ ಕೆಲಸಗಾರರಿಗೆ ವರ್ಷಕ್ಕೆ 5,000ದ ಮಿತಿ, ಅದೂ ಸಂಸತ್ತು ಆಗಾಗ ನವೀಕರಿಸುತ್ತ ಬಂದ ತಾತ್ಕಾಲಿಕ ಅವಕಾಶ. ಕಚೇರಿ ಕೆಲಸ, ಕಟ್ಟಡ ನೋಡಿಕೊಳ್ಳುವುದು, ದೇಣಿಗೆ ಸಂಗ್ರಹ ಮೊದಲಾದ ಪೂರಕ ಕೆಲಸಗಳು ಧಾರ್ಮಿಕ ವೃತ್ತಿಯೇ ಅಲ್ಲವೆಂದು ನಿಯಮ ಬಾಯಿಬಿಟ್ಟು ಹೇಳುತ್ತದೆ.

ಇದನ್ನು ಬಜಗೋಳಿ ಸುತ್ತಿನ ಯಾವುದಾದರೂ ಗ್ರಾಮದೇವಸ್ಥಾನದ ಭಟ್ಟರ ದಿನಚರಿಯ ಮೇಲೆ ಇಟ್ಟು ನೋಡಿ. ಬೆಳಗ್ಗೆ ಪೂಜೆ, ಮಧ್ಯಾಹ್ನದ ನೈವೇದ್ಯಕ್ಕೆ ತಾವೇ ಒಲೆ ಹೊತ್ತಿಸಿ ಅನ್ನ ಮಾಡಬೇಕು, ನಡುವೆ ಅಡಕೆ ತೋಟಕ್ಕೆ ನೀರು ಬಿಟ್ಟು ಬರಬೇಕು, ಸಂಜೆ ದೀಪ. ಯಾರದೋ ಮನೆಯಲ್ಲಿ ಒಕ್ಕಲು, ಇನ್ನೊಬ್ಬರಲ್ಲಿ ಶ್ರಾದ್ಧ. ದೇವಸ್ಥಾನ ಕೊಡುವುದು ಸಂಬಳವಲ್ಲ. ಪಡಿ, ದಕ್ಷಿಣೆ, ಹಬ್ಬದ ದಿನ ಒಂದು ಶಾಲು. ಅವರು ಯಾರ ನೌಕರರು? ಮೊಕ್ತೇಸರರ ಹತ್ತಿರ ನೇಮಕದ ಕಾಗದವಿಲ್ಲ, ಏಕೆಂದರೆ ಅಜ್ಜನ ಕಾಲದಿಂದ ಯಾರೂ ನೇಮಿಸಲೇ ಇಲ್ಲ. ವಾರಕ್ಕೆ ಎಷ್ಟು ಗಂಟೆ ಧಾರ್ಮಿಕ ಕೆಲಸ ಎಂದು ಕೇಳಿದರೆ ಉತ್ತರ ಏಳೂ ಆಗಬಹುದು, ಎಪ್ಪತ್ತೂ ಆಗಬಹುದು. ವೀಸಾದ ಕಡತಕ್ಕೆ ಇದು ಒಗ್ಗುವುದಿಲ್ಲ. ಹಾಗಾಗಿ ಹೊರಡುವವನು ಮೊದಲು ಪಟ್ಟಣದ ದೊಡ್ಡ ದೇವಸ್ಥಾನವೊಂದರಲ್ಲಿ ಸಂಬಳದ ಅರ್ಚಕನಾಗಬೇಕಾಗುತ್ತದೆ, ಪಾಠಶಾಲೆಯ ಪ್ರಮಾಣಪತ್ರ, ಸೇವಾ ದೃಢೀಕರಣ, ಬ್ಯಾಂಕಿನಲ್ಲಿ ಜಮೆಯಾದ ವೇತನದ ದಾಖಲೆ ಜೋಡಿಸಿಕೊಳ್ಳಬೇಕಾಗುತ್ತದೆ. ಅಂದರೆ ಅಮೆರಿಕದ ನಿಯಮ ಅಮೆರಿಕದಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಹೊರಡುವ ಮನಸ್ಸಿರುವವನ ವೃತ್ತಿಯನ್ನು ಇಲ್ಲೇ, ಎರಡು ವರ್ಷ ಮೊದಲೇ, ತಿದ್ದಲು ಶುರುಮಾಡುತ್ತದೆ.

ಇನ್ನು ಪಾತ್ರಿಯ, ನೇಮ ಕಟ್ಟುವವರ ಮಾತು. ಈ ಸೀಮೆಯ ಜನ ಕಷ್ಟ ಬಂದಾಗ ಮೊದಲು ಹರಕೆ ಹೊರುವುದು ದೈವಕ್ಕೆ. ಆದರೆ ನೇಮದ ಕೆಲಸ ದೀಪಾವಳಿ ಕಳೆದು ಶುರುವಾಗಿ ಪತ್ತನಾಜೆಗೆ, ಎಂದರೆ ಮೇ ಕೊನೆಯ ವಾರಕ್ಕೆ, ಗಗ್ಗರ ಕಳಚಿಡುವ ಹಂಗಾಮಿನ ಕೆಲಸ. ಇಂದು ಈ ಗುತ್ತಿನಲ್ಲಿ, ನಾಳೆ ಆ ಗ್ರಾಮದಲ್ಲಿ. ಒಬ್ಬ ಯಜಮಾನ ಇಲ್ಲ, ವಾರದ ಲೆಕ್ಕ ಇಲ್ಲ, ಲಿಖಿತ ಸಿದ್ಧಾಂತ ಇಲ್ಲ. ದೈವದ ಪಾಡ್ದನ ಬಾಯಿಂದ ಬಾಯಿಗೆ ಬಂದದ್ದು. ಅದಕ್ಕಿಂತ ಮುಖ್ಯವಾಗಿ ದೈವಕ್ಕೆ ಅದರದೇ ನೆಲ ಬೇಕು, ಕಟ್ಟುವ ಹಕ್ಕೂ ಆ ಸೀಮೆಗೆ ಸೇರಿದ್ದು. ತುಳುನಾಡಿನ ಧಾರ್ಮಿಕ ವೃತ್ತಿಗಳಲ್ಲಿ ಅತ್ಯಂತ ಸ್ಥಳೀಯವಾದದ್ದು ಹೀಗೆ ವಿಶೇಷ ವರ್ಗದ ಜರಡಿಯಲ್ಲಿ ನಿಲ್ಲದೆ ಕೆಳಗುಳಿಯುತ್ತದೆ. ಅಡಿಗೆಯ ಮಾತೂ ಅಷ್ಟೇ. ಉಡುಪಿ ಕೃಷ್ಣನಿಗೆ ನೈವೇದ್ಯವಾಗದೆ ಊಟವಿಲ್ಲ, ಮಡಿಯಲ್ಲಿ ಮಾಡಿದ ಅಡಿಗೆಯೇ ಪೂಜೆಯ ಅಂಗ. ಆದರೆ ‘ಅಡಿಗೆಯವನು’ ಎಂದು ಅರ್ಜಿಯಲ್ಲಿ ಬರೆದರೆ ಅಧಿಕಾರಿಯ ಕಣ್ಣಿಗೆ ಅದು ಪೂರಕ ಕೆಲಸವೇ. ಫ್ಲಶಿಂಗಿನ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗೆ ನ್ಯೂಯಾರ್ಕಿನ ಪತ್ರಿಕೆಗಳೆಲ್ಲ ಮಣೆ ಹಾಕಿವೆ ಎಂಬುದು ಬೇರೆ ಮಾತು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು, ಕಾನೂನು ಅಷ್ಟು ಕುರುಡಲ್ಲ ಎಂಬುದು. 2008ರ ನವೆಂಬರಿನಲ್ಲಿ ಬಂದ ನಿಯಮ, ಧರ್ಮಗುರುವಿನ ತರಬೇತಿ ಹೇಗಿರಬೇಕೆಂಬುದನ್ನು ಆಯಾ ಪಂಥದ ಪದ್ಧತಿಗೇ ಬಿಟ್ಟಿದೆ. ದೇವತಾಶಾಸ್ತ್ರದ ಪದವಿ ಕೇಳದ ಪಂಥಗಳಿಗೂ ಅವಕಾಶವಿದೆ. ನಿಜ. ಆದರೆ ಪಂಥ ಯಾವುದು? ಶಿವಳ್ಳಿ ಭಟ್ಟರು ಮಧ್ವಾಚಾರ್ಯರ ತಂತ್ರಸಾರದ ಕ್ರಮದವರು, ವೆಂಕಟೇಶ್ವರನಿಗೆ ವೈಖಾನಸ ಆಗಮ, ಶಿವನಿಗೆ ಶೈವಾಗಮ. ಅಮೆರಿಕದ ಒಂದೇ ಸೂರಿನಡಿ ಮೂವರೂ ಇದ್ದಾರೆ, ಜತೆಗೆ ಕೆಲವೆಡೆ ತೀರ್ಥಂಕರರೂ. ಅರ್ಜಿಯಲ್ಲಿ ಇವೆಲ್ಲ ಸೇರಿ ‘ಹಿಂದೂ’ ಎಂಬ ಒಂದೇ ಪಂಥವಾಗುತ್ತವೆ, ಹೋದ ಭಟ್ಟರ ಕೆಲಸವೂ ಅದಕ್ಕೆ ತಕ್ಕಂತೆ ಅಗಲವಾಗುತ್ತದೆ: ಸತ್ಯನಾರಾಯಣ ಪೂಜೆ, ಗೃಹಪ್ರವೇಶ, ಹೊಸ ಕಾರಿನ ಪೂಜೆ, ತೆಲುಗರ ಮದುವೆ, ಗುಜರಾತಿಗಳ ದೀಪಾವಳಿ. ಇದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೇರೆಯದು ಎಂದಷ್ಟೇ. ಎರಡನೆಯ ಆಕ್ಷೇಪ, ಇಷ್ಟು ಬಿಗಿ ಮಾಡದಿದ್ದರೆ ಮೋಸ ನಡೆಯುತ್ತದೆ ಎಂಬುದು. ಅದಕ್ಕೂ ಆಧಾರವಿದೆ. ಅಲ್ಲಿನ ವಲಸೆ ಇಲಾಖೆ 2006ರಲ್ಲಿ ಮಾಡಿದ ಪರಿಶೀಲನೆಯಲ್ಲಿ ಧಾರ್ಮಿಕ ಕೆಲಸಗಾರರ ಅರ್ಜಿಗಳಲ್ಲಿ ಶೇ. 33ರಷ್ಟು ಮೋಸದವೆಂದು ಕಂಡಿತ್ತು; ಅಧಿಕಾರಿಗಳು ಸ್ಥಳಕ್ಕೇ ಬಂದು ನೋಡುವ ಕ್ರಮ ಹುಟ್ಟಿದ್ದು ಅದರಿಂದ. ಸುಳ್ಳು ಪೂಜಾರಿಯನ್ನು ತಡೆಯಬೇಕು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಗಂಟೆ, ಸಂಬಳ, ಕಡತಗಳಿಂದ ಅಳೆದಾಗ ಕಡತ ಚೆನ್ನಾಗಿರುವ ಸುಳ್ಳುಗಾರ ದಾಟುತ್ತಾನೆ, ಕಡತವಿಲ್ಲದ ನಿಜವಾದ ಭಟ್ಟರು ಸಿಕ್ಕಿಬೀಳುತ್ತಾರೆ.

ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ವಿಚಿತ್ರವಾಗಿ ಕಾಣುವುದು ಇನ್ನೊಂದು. ಅಮೆರಿಕ ಯಾವ ಅರ್ಹತೆಗಾಗಿ ಒಳಗೆ ಕರೆಯುತ್ತಿತ್ತೋ, ಹೋದ ಕಾರಣಕ್ಕೇ ಆ ಅರ್ಹತೆ ಊರಿನಲ್ಲಿ ಕಳೆದುಹೋಗುವ ಸಂಭವವಿತ್ತು. ಸಮುದ್ರ ದಾಟಿದವನು ದೇವರನ್ನು ಮುಟ್ಟಬಾರದೆಂಬ ನಂಬಿಕೆ ಹಳತಾದರೂ ಸತ್ತಿರಲಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೃಷ್ಣ ವೃಂದಾವನ ಕಟ್ಟಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು 2008ರ ಜನವರಿ 18ರಂದು ಪರ್ಯಾಯ ಪೀಠವೇರುವ ಹೊತ್ತಿಗೆ, ವಿದೇಶಯಾನ ಮಾಡಿದ ಯತಿ ಉಡುಪಿ ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂದು ಅಷ್ಟಮಠಗಳ ನಡುವೆಯೇ ದೊಡ್ಡ ಜಗಳವಾಯಿತು. ಯತಿಧರ್ಮದ ನಿಯಮವನ್ನು ಗೃಹಸ್ಥ ಭಟ್ಟರಿಗೆ ಹೊಂದಿಸುವುದು ತಪ್ಪು, ಅವರು ಪ್ರಾಯಶ್ಚಿತ್ತ ಮಾಡಿಕೊಂಡರೆ ತೀರಿತು ಎನ್ನುವವರಿದ್ದಾರೆ. ಇರಬಹುದು. ಅದೇ ಸ್ವಾಮಿಗಳು 2024ರಲ್ಲಿ ಮತ್ತೆ ಪರ್ಯಾಯ ಪೀಠವೇರಿದ್ದೂ ಆಯಿತು. ಆದರೆ ಅರ್ಚಕನ ಅಧಿಕಾರವನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಗೆ ಇಲ್ಲಿನ ಸಂಪ್ರದಾಯವೂ ಅಲ್ಲಿನ ಇಲಾಖೆಯೂ ಒಂದೇ ಕಾಲದಲ್ಲಿ ವಿರುದ್ಧ ಉತ್ತರ ಕೊಡುತ್ತಿದ್ದವು ಎಂಬುದು ಉಳಿಯುತ್ತದೆ. ಕ್ರೈಸ್ತ ಪಾದ್ರಿಗಳಿಗೆ, ಸಿಸ್ಟರುಗಳಿಗೆ ಈ ಇಕ್ಕಟ್ಟಿಲ್ಲ. ಮಂಗಳೂರು, 2012ರಲ್ಲಿ ಅದರಿಂದ ಬೇರೆಯಾದ ಉಡುಪಿ ಧರ್ಮಪ್ರಾಂತಗಳಂಥಲ್ಲಿ ಗುರುದೀಕ್ಷೆಯ ದಿನಾಂಕ, ಬಿಷಪರ ಪತ್ರ, ಸೆಮಿನರಿಯ ವರ್ಷಗಳು ಎಲ್ಲ ಕಾಗದದಲ್ಲೇ ಇರುತ್ತವೆ. ಕಾನೂನು ಬರೆದವರ ಮನಸ್ಸಿನಲ್ಲಿದ್ದ ಧರ್ಮಗುರುವಿನ ರೂಪ ಅವರದೇ.

ಈಗ ಆ ದಾರಿಯೇ ಇಕ್ಕಟ್ಟಾಗಿದೆ. ನಾಲ್ಕನೆಯ ವರ್ಗಕ್ಕೆ ಸಿಗುವುದು ವರ್ಷದ ಸುಮಾರು 1,40,000 ಉದ್ಯೋಗ ವೀಸಾಗಳಲ್ಲಿ ಶೇ. 7.1, ಎಂದರೆ ಹತ್ತು ಸಾವಿರದ ಆಸುಪಾಸು. ಅದರೊಳಗೆ ತಂದೆತಾಯಿಯ ಆಸರೆ ತಪ್ಪಿದ ವಲಸೆ ಮಕ್ಕಳೂ ಪಾಲುದಾರರು. ಮಧ್ಯ ಅಮೆರಿಕದ ಮೂರು ದೇಶಗಳಿಗೆ ಪ್ರತ್ಯೇಕವಾಗಿದ್ದ ಸರದಿಯನ್ನು 2023ರ ಮಾರ್ಚಿನಲ್ಲಿ ಎಲ್ಲರ ಸರದಿಯೊಂದಿಗೆ ಸೇರಿಸಿದ ಮೇಲೆ ಕಾಯುವ ಕಾಲ ವರ್ಷಗಟ್ಟಲೆ ಬೆಳೆಯಿತು. 2025ರಲ್ಲಂತೂ ಆ ಹಣಕಾಸು ವರ್ಷದ ಸಂಖ್ಯೆಯೆಲ್ಲ ಫೆಬ್ರವರಿ ಕೊನೆಗೇ ಮುಗಿದುಹೋಯಿತು. ಆರ್-1ರ ಐದು ವರ್ಷ ಓಡುತ್ತಲೇ ಇರುತ್ತದೆ, ಗ್ರೀನ್ ಕಾರ್ಡಿನ ಸರದಿ ನಿಂತಿರುತ್ತದೆ. ಇದಕ್ಕೆ ಮೊದಲು ಹೋಗಿ ನೆಲೆಯಾದವರಲ್ಲಿ ನಡೆದದ್ದು ಉಂಬಳಿಯ ಕಾಲದ್ದಕ್ಕೆ ತದ್ವಿರುದ್ಧ. ಇಪ್ಪತ್ತೊಂದರ ಒಳಗಿನ ಮಕ್ಕಳಿಗೂ ಅಪ್ಪನ ಅರ್ಜಿಯಲ್ಲೇ ಕಾಯಂ ವಾಸದ ಹಕ್ಕು ಬರುತ್ತದೆ, ಆದರೆ ಆ ಹಕ್ಕಿಗೆ ಪೂಜೆಯ ಕರಾರಿಲ್ಲ. ಮಗ ಕಂಪ್ಯೂಟರ್ ಓದುತ್ತಾನೆ, ಮಗಳು ನರ್ಸಿಂಗೋ ಕಾನೂನೋ. ಅಪ್ಪನಿಗೆ ವಯಸ್ಸಾದಾಗ ದೇವಸ್ಥಾನದ ಕಮಿಟಿ ಅವರ ಮನೆಯತ್ತ ನೋಡುವುದಿಲ್ಲ. ಉಡುಪಿಯದೋ ಶೃಂಗೇರಿಯದೋ ಪಾಠಶಾಲೆಗೆ ಫೋನು ಮಾಡಿ ಹೊಸಬರೊಬ್ಬರನ್ನು ಕೇಳುತ್ತದೆ, ವಕೀಲರು ಹೊಸ ಆರ್-1 ಅರ್ಜಿಗೆ ಕಾಗದ ಜೋಡಿಸಲು ಕೂರುತ್ತಾರೆ.